ಕೊನೆಯ ಫಾರಂ

ಚೀಲದ ಒಂದು ಹಿಡಿ ತೀರಿಕೊಂಡವಳ ತಮ್ಮನ ಕೈಯಲ್ಲಿತ್ತು, ಇನ್ನೊಂದು ಮುದುಕಿಯ ಕೈಯಲ್ಲಿ. ಇಬ್ಬರೂ ಬಿಡುವ ಲಕ್ಷಣ ಕಾಣಲಿಲ್ಲ.

"ಒಳಗೇನಿದೆ, ತೋರಿಸಿ."

"ಯಾಕ್ರೀ ತೋರಿಸ್ಬೇಕು? ನೀವ್ಯಾರು ಕೇಳೋಕೆ?"

"ನಾನು ಈ ಮನೆಯವನು. ಸತ್ತವರ ಕೋಣೆಯಿಂದ ಚೀಲ ಹಿಡ್ಕೊಂಡು ಹೊರಗೆ ಬರ್ತಿರೋದು ನೀವು, ನಾನಲ್ಲ."

ಮುದುಕಿ ಒಂದು ಕ್ಷಣ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ತನ್ನ ಕಡೆಯ ಹಿಡಿಯನ್ನು ಸಡಿಲಿಸಿ, "ತಗೊಳ್ಳಿ, ಕಣ್ತುಂಬ ನೋಡಿ," ಎಂದಳು. ಚೀಲದಲ್ಲಿ ಒಂದು ಜೊತೆ ಸವೆದ ರಬ್ಬರ್ ಚಪ್ಪಲಿ ಇತ್ತು. ಒಂದರ ಪಟ್ಟಿ ಕಿತ್ತುಹೋಗಿ, ಅದಕ್ಕೆ ಪಿನ್ನು ಚುಚ್ಚಿತ್ತು.

"ಸಾವಿನ ಮನೇಲಿ ಚಪ್ಪಲಿ ಕಳೆದಷ್ಟು ಬೇರೆಲ್ಲೂ ಕಳೆಯಲ್ಲ," ಎಂದಳು ಮುದುಕಿ. "ಹೋದ ಸಲ ಬರಿಗಾಲಲ್ಲಿ ಮನೆಗೆ ಹೋಗಿದೀನಿ. ಯಾರನ್ನೂ ನಂಬೋ ಕಾಲ ಅಲ್ಲ ಇದು."

ಮಾತು ಅವನಿಗೆ ಒಪ್ಪಿಗೆಯಾಗುವಂಥದ್ದೇ. ಆದರೂ ಚೀಲ ವಾಪಸು ಕೊಡಲಿಲ್ಲ.

"ಕೋಣೇಲಿ ಏನು ಮಾಡ್ತಿದ್ರಿ?"

"ಪುಸ್ತಕ ಹುಡುಕ್ತಿದ್ದೆ."

"ಯಾವ ಪುಸ್ತಕ?"

"ಹೆಸರು ಗೊತ್ತಿಲ್ಲ."

"ಬರೆದವರು ಯಾರು?"

"ಅದೂ ಗೊತ್ತಿಲ್ಲ."

"ಹೆಸರೇ ಗೊತ್ತಿಲ್ಲದ ಪುಸ್ತಕ ಸಿಕ್ಕಿದ್ರೆ ಹೇಗೆ ಗುರುತು ಹಿಡೀತಿದ್ರಿ?"

"ನಡುವೆ ತೆಗೆದು ನೋಡಿದ್ರೆ ಗೊತ್ತಾಗ್ತಿತ್ತು," ಎಂದಳು ಮುದುಕಿ, ಅದರಲ್ಲಿ ವಿಚಿತ್ರವೇನೂ ಇಲ್ಲವೆಂಬಂತೆ.

ತಮ್ಮ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ತಲೆ ನೆರೆಸಿಕೊಂಡವನು. ಟಿಕೆಟ್ ಗಾಳಿಗೆ ಹಾರಿಹೋಯಿತು, ಮಗು ನುಂಗಿಬಿಟ್ಟಿತು, ಹೆಂಡತಿಯ ಹತ್ತಿರ ಇದೆ ಆದರೆ ಅವಳು ಹಿಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟಳು, ಹೀಗೆ ಎಲ್ಲ ಬಗೆಯ ನೆಪಗಳನ್ನೂ ಕೇಳಿದ್ದ. ಇಂಥದ್ದನ್ನು ಕೇಳಿರಲಿಲ್ಲ. ಮುಂದಿನ ಪ್ರಶ್ನೆ ಬಾಯಿಗೆ ಬರುವಷ್ಟರಲ್ಲಿ ಹೆಂಡತಿ ಬಂದು ಅವನ ತೋಳು ಹಿಡಿದಳು.

"ರೀ, ಸಾವಿನ ಮನೇಲೂ ಡ್ಯೂಟಿನಾ ನಿಮ್ಮದು? ಎಲ್ಲರೂ ನೋಡ್ತಿದಾರೆ. ಆಯಮ್ಮನ ಚೀಲ ಕೊಡಿ."

ನೌಕರಿಯಿಂದ ನಿವೃತ್ತನಾಗಿ ಎಷ್ಟೋ ಕಾಲವಾಗಿತ್ತು. ಅನುಮಾನಕ್ಕೆ ನಿವೃತ್ತಿ ಇರಲಿಲ್ಲ. ಬೆಳಿಗ್ಗೆ ಬಂದಾಗಿನಿಂದ ಅದು ಬಿಡುವಿಲ್ಲದೆ ದುಡಿಯುತ್ತಿತ್ತು. ಅಕ್ಕನ ಎದೆಯ ಮೇಲಿಟ್ಟ ಹೂವು ನಿನ್ನೆಯದು ಎಂದು ಹೂವಿನವನೊಡನೆ ಜಗಳ ತೆಗೆದಿದ್ದ. ಕುರ್ಚಿಯಲ್ಲಿ ಕೂತಲ್ಲೇ ಹೃದಯ ನಿಂತಿತು ಎಂದ ಡಾಕ್ಟರನ್ನು, ಕೂತಲ್ಲೇ ಎಂದು ನಿಮಗೆ ಹೇಗೆ ಗೊತ್ತು, ನೀವು ಬಂದಾಗ ಮಲಗಿಸಿದ್ದರಲ್ಲ ಎಂದು ಕೇಳಿದ್ದ. ಪಕ್ಕದ ಮನೆಯವಳು ಬಿಕ್ಕಿ ಬಿಕ್ಕಿ ಅಳುವುದನ್ನು ಕಂಡು, ಇವಳಿಗೆ ಇಷ್ಟು ಅಳು ಬರಲು ಕಾರಣವೇನಿರಬಹುದು ಎಂದು ಲೆಕ್ಕ ಹಾಕಿದ್ದ. ಅಕ್ಕನ ಮಗಳು, "ಮಾವ, ಅವರು ಸಿನಿಮಾ ನೋಡಿದ್ರೂ ಹಾಗೇ ಅಳೋದು, ಸುಮ್ನಿರಿ," ಎಂದ ಮೇಲೆ ಅದೊಂದನ್ನು ಕೈಬಿಟ್ಟಿದ್ದ.

ಈ ಎಲ್ಲದರ ಅಡಿಯಲ್ಲಿ ಇನ್ನೊಂದು ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಕ್ಕನನ್ನು ಒಂದು ಮಾತು ಕೇಳುವುದಿತ್ತು: ನಾನು ಚಿಕ್ಕವನಿದ್ದಾಗ ನನಗೆ ಯಾಕೆ ಸುಳ್ಳು ಹೇಳಿದೆ? ಈ ಮನೆಗೆ ಬಂದಾಗಲೆಲ್ಲ ಮಾತು ನಾಲಗೆಯ ತುದಿಯವರೆಗೆ ಬರುತ್ತಿತ್ತು. ಅಕ್ಕ ಚಹಾ ತಂದಿಡುತ್ತಿದ್ದಳು, ಅವನು ಅದನ್ನು ಚಹಾದ ಜೊತೆ ನುಂಗಿಕೊಂಡು ಎದ್ದು ಹೋಗುತ್ತಿದ್ದ. ಮುಂದಿನ ಸಲ ಕೇಳಿದರಾಯಿತು ಎಂದುಕೊಳ್ಳುತ್ತಿದ್ದ. ಇನ್ನು ಮುಂದಿನ ಸಲ ಇರಲಿಲ್ಲ. ಉತ್ತರ ಗೊತ್ತಿದ್ದ ಒಬ್ಬಳೇ ಒಬ್ಬಳು ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು.

* * *

ಅಮ್ಮ ತೀರಿಕೊಂಡ ವರ್ಷ ಅಕ್ಕ ಶಾಲೆ ಬಿಟ್ಟು, ಬೀದಿಯ ತುದಿಯಲ್ಲಿದ್ದ ಬೈಂಡಿಂಗ್ ಅಂಗಡಿಗೆ ಸೇರಿದಳು. ಓದುವುದರಲ್ಲಿ ಚುರುಕಾಗಿದ್ದಳು. ಬಿಡುವಾಗ ಅಳಲಿಲ್ಲವಂತೆ; "ಅಲ್ಲೂ ಪುಸ್ತಕವೇ ಇರುತ್ತಲ್ಲ," ಎಂದಳಂತೆ. ತಮ್ಮನಿಗೆ ಆಗ ಅಂಗಿಯ ಗುಂಡಿ ಹಾಕಿಕೊಳ್ಳಲೂ ಸರಿಯಾಗಿ ಬರುತ್ತಿರಲಿಲ್ಲ.

ಪ್ರೆಸ್ಸಿನಿಂದ ಅಚ್ಚಾದ ದೊಡ್ಡ ದೊಡ್ಡ ಹಾಳೆಗಳು ಅಂಗಡಿಗೆ ಬರುತ್ತಿದ್ದವು. ಅಕ್ಕನ ಕೆಲಸ ಅವನ್ನು ಮಡಚುವುದು. ಒಂದು ಹಾಳೆಯನ್ನು ಮಡಚಿ ಮಡಚಿ, ಮೂಳೆಯ ಪಟ್ಟಿಯಿಂದ ಉಜ್ಜಿದರೆ ಹದಿನಾರು ಪುಟವಾಗುತ್ತಿತ್ತು. ಅದಕ್ಕೆ ಫಾರಂ ಎನ್ನುತ್ತಿದ್ದರು. ಫಾರಂಗಳನ್ನೆಲ್ಲ ಜೋಡಿಸಿ, ಹೊಲಿದು, ರಟ್ಟು ಅಂಟಿಸುವ ಮೊದಲು ಅಂಚುಗಳನ್ನು ಕತ್ತರಿಸಿದರೆ ಆಗ ಪುಸ್ತಕ. ಅಲ್ಲಿಯವರೆಗೆ ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು, ಬಿಡಿಸಿ ಓದುವಂತಿರಲಿಲ್ಲ.

ಸಂಜೆ ಮನೆಗೆ ಬರುವಾಗ ಅಕ್ಕ ಊಟದ ಡಬ್ಬಿಯ ಚೀಲದಲ್ಲಿ ಒಂದು ಫಾರಂ ಇಟ್ಟುಕೊಂಡು ಬರುತ್ತಿದ್ದಳು. ಬೆಳಿಗ್ಗೆ ಮಾಲೀಕ ಬರುವ ಮೊದಲು ಅದು ವಾಪಸು ಕಟ್ಟಿನಲ್ಲಿ ಇರಬೇಕು. ಅಂಚು ಹರಿಯುವಂತಿಲ್ಲ, ಮಡಿಕೆ ಕೆಡುವಂತಿಲ್ಲ, ಬೆರಳಿನ ಗುರುತು ಮೂಡುವಂತಿಲ್ಲ. ಒಲೆಯ ಪಕ್ಕ ಕೂತು ತಮ್ಮನ ಕೈಯನ್ನು ಮೊಣಕೈವರೆಗೆ ತೊಳೆಸಿ, ಒರೆಸಿ, ಆಮೇಲೆ ಫಾರಮ್ಮಿನ ಎರಡು ಕಡೆ ಮೆಲ್ಲಗೆ ಒತ್ತುತ್ತಿದ್ದಳು. ಮಡಿಕೆಯ ಬಾಯಿ ಅಗಲವಾಗಿ ಒಂದು ಕಿಂಡಿಯಾಗುತ್ತಿತ್ತು. ಆ ಕಿಂಡಿಯಲ್ಲಿ ಒಂದು ಕಣ್ಣಿಗೆ ಮಾತ್ರ ಜಾಗ. ಅಕ್ಕನ ಎರಡೂ ಕೈ ಒತ್ತುವುದರಲ್ಲಿ ಇದ್ದುದರಿಂದ ಆ ಕಣ್ಣು ತಮ್ಮನದೇ ಆಗಬೇಕಿತ್ತು.

"ಏನು ಕಾಣ್ತಿದೆ?"

"ಕಪ್ಪುಕಪ್ಪಗೆ ಇದೆ."

"ಕಪ್ಪಗಿರೋದೇ ಅಕ್ಷರ. ಮೊದಲನೇದು ಯಾವುದು?"

"ಕು."

"ಆಮೇಲೆ?"

"ದು. ಆಮೇಲಿಂದು ಮಡಿಕೆ ಒಳಗೆ ಹೋಗಿದೆ. ಕುದುರೆ ಅಕ್ಕ, ಕುದುರೆನೇ ಇರುತ್ತೆ."

"ಇರುತ್ತೆ ಅಂತ ಹೇಳ್ಬೇಡ. ಆ ಕಡೆಯಿಂದ ಇಣುಕು. ಕಣ್ಣಿಗೆ ಕಂಡಿದ್ದು ಮಾತ್ರ ಹೇಳು."

ಹೀಗೆ ಅವನು ಓದು ಕಲಿತ. ಕತೆ ಬೇಕಿದ್ದರೆ ಇಣುಕಬೇಕು, ಇಣುಕಿದ್ದನ್ನು ಗಟ್ಟಿಯಾಗಿ ಹೇಳಬೇಕು, ಇಲ್ಲದಿದ್ದರೆ ಅಕ್ಕನಿಗೂ ಕತೆ ಸಿಗುತ್ತಿರಲಿಲ್ಲ. ಶಾಲೆಗೆ ಸೇರಿದಾಗ ತಲೆ ವಾರೆ ಮಾಡಿ ಒಂದು ಕಣ್ಣು ಮುಚ್ಚಿ ಓದುತ್ತಿದ್ದ ಅವನನ್ನು ನೋಡಿ ಮೇಷ್ಟ್ರು, ಹುಡುಗನಿಗೆ ದೃಷ್ಟಿದೋಷ ಎಂದು ಹೇಳಿ ಕಳಿಸಿದ್ದರು. ದೋಷ ಕಣ್ಣಿನಲ್ಲಿರಲಿಲ್ಲ. ಮೇಜಿನ ಮೇಲೆ ಅಂಗಾತ ಬಿದ್ದುಕೊಂಡು, ಎಲ್ಲವನ್ನೂ ತಾನಾಗಿಯೇ ತೋರಿಸುವ ಪುಸ್ತಕದ ಮೇಲೆ ಅವನಿಗೆ ನಂಬಿಕೆ ಹುಟ್ಟುತ್ತಿರಲಿಲ್ಲ, ಅಷ್ಟೆ.

ಎಲ್ಲಕ್ಕಿಂತ ಅವನಿಗೆ ಹತ್ತಿದ್ದು ಕುದುರೆಯ ಕತೆ. ಒಂದು ಪಟ್ಟಣದಲ್ಲಿ ಟ್ರಾಮ್ ಎಳೆಯುವ ಒಕ್ಕಣ್ಣಿನ ಮುದಿ ಕುದುರೆ. ಕರೆಂಟಿನ ಟ್ರಾಮ್ ಬಂದ ಮೇಲೆ ಕುದುರೆಗಳನ್ನೆಲ್ಲ ಕಸಾಯಿಗೆ ಮಾರುತ್ತಾರೆ. ಟ್ರಾಮ್ ಹೊಡೆಯುವವನು ತನ್ನ ಕುದುರೆಯನ್ನು ರಾತ್ರೋರಾತ್ರಿ ಬಿಚ್ಚಿಕೊಂಡು, ಅದಕ್ಕೆ ಸಮುದ್ರ ತೋರಿಸುತ್ತೇನೆ ಎಂದು ನಡೆಸಿಕೊಂಡು ಹೊರಡುತ್ತಾನೆ. ಪ್ರೆಸ್ಸಿನವರು ನಿಧಾನ. ಕುದುರೆ ಸೇತುವೆಯ ಮೇಲೆ ಇದ್ದಾಗ ಫಾರಂ ಮುಗಿದರೆ ಮುಂದಿನ ಹಾಳೆ ಬರುವವರೆಗೂ ಅದು ಸೇತುವೆಯ ಮೇಲೇ ನಿಂತಿರಬೇಕಿತ್ತು. ತಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಸಂಜೆ ಅಕ್ಕ ಬರಿಗೈಯಲ್ಲಿ ಬಂದಳು. ಎಂದಿಗಿಂತ ತಡವಾಗಿತ್ತು. ಬೆರಳುಗಳು ಕೆಂಪಾಗಿದ್ದವು.

"ಕೊನೇ ಫಾರಂ ತರೋಕಾಗಲಿಲ್ಲ ಕಣೋ," ಎಂದಳು. "ಅಲ್ಲೇ ಓದ್ಕೊಂಡು ಬಂದೆ. ಹೇಳ್ತೀನಿ, ಕೇಳು."

ಕುದುರೆ ಸಮುದ್ರ ಮುಟ್ಟಿತು. ಮೊಣಕಾಲುದ್ದ ನೀರಿಗೆ ಇಳಿಯಿತು. ಒಂದು ಬಾಯಿ ತುಂಬ ಕುಡಿದು, ಉಗಿದು, ಕತ್ತು ತಿರುಗಿಸಿ ತನ್ನ ಒಂಟಿ ಕಣ್ಣಿನಿಂದ ಯಜಮಾನನನ್ನು ನೋಡಿತು. "ಇಷ್ಟು ದೂರ ನಡೆಸಿದ್ದು ಈ ಉಪ್ಪುನೀರಿಗಾ, ಅನ್ನೋ ಹಾಗೆ," ಎಂದು ಅಕ್ಕ ತಾನೇ ಒಂದು ಕಣ್ಣು ಮುಚ್ಚಿ ನೋಡಿ ತೋರಿಸಿದಳು. ತಮ್ಮ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ. ಅಷ್ಟು ಸಂತೋಷ ಅವನಿಗೆ ಮುಂದೆ ಯಾವ ಪುಸ್ತಕದಿಂದಲೂ ಸಿಗಲಿಲ್ಲ.

* * *

ಮುಂದಿನ ಕೋಣೆಯಲ್ಲಿ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಅಕ್ಕನ ಮಗಳು ಬೀರುವಿನಿಂದ ಒಂದು ಟವೆಲ್ ತಂದು, ಅದನ್ನು ಬಿಚ್ಚದೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಅಮ್ಮ ಮಡಚಿಟ್ಟಿದ್ದನ್ನ ಬಿಚ್ಚೋಕೆ ಮನಸ್ಸೇ ಬರಲ್ಲ, ಅತ್ತೆ," ಎಂದಳು ತಮ್ಮನ ಹೆಂಡತಿಗೆ. "ಇಸ್ತ್ರಿ ಪೆಟ್ಟಿಗೆ ಈ ಮನೇಲಿ ಬರೀ ಅಲಂಕಾರಕ್ಕೆ."

"ಕೈಗೆ ಸಿಕ್ಕಿದ್ದನ್ನೆಲ್ಲ ಮಡಚೋರು," ಎಂದಳು ಪಕ್ಕದ ಮನೆಯವಳು ಮೂಗು ಒರೆಸಿಕೊಳ್ಳುತ್ತ. "ಬಿಸ್ಕತ್ತಿನ ಕಾಗದ, ಔಷಧಿ ಚೀಟಿ. ನಮ್ಮನೆಗೆ ಬಂದ್ರೆ ಮಾತಾಡ್ತಾ ಮಾತಾಡ್ತಾ ನಮ್ಮ ಪೇಪರ್ ಎಲ್ಲ ಮಡಚಿಟ್ಟು ಹೋಗ್ತಿದ್ರು. ನಮ್ಮನೆಯವರಿಗೆ ಓದೋಕೇ ಸಿಗ್ತಿರಲಿಲ್ಲ."

ಅಳುವಿನ ನಡುವೆ ಒಂದಿಬ್ಬರು ನಕ್ಕರು. ಚೀಲದ ಮುದುಕಿ ಅಕ್ಕನ ತಲೆಯ ಹತ್ತಿರ ಕೂತು, ಹೊದಿಸಿದ್ದ ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ತೀಡುತ್ತಿದ್ದಳು. ಅವಳು ಯಾರೆಂದು ತಮ್ಮ ಅಕ್ಕನ ಮಗಳನ್ನು ಕೇಳಿದ. ಗೊತ್ತಿಲ್ಲವೆಂದಳು. ಹೆಂಡತಿಯನ್ನು ಕೇಳಿದ. "ನಿಮಗೆ ಗೊತ್ತಿಲ್ಲದೋರು ನನಗೆ ಹೇಗೆ ಗೊತ್ತು?" ಎಂದಳು. ಯಾರಿಗೂ ಗೊತ್ತಿಲ್ಲದ ಹೆಂಗಸು ತಲೆಯ ಹತ್ತಿರ ಕೂತಿದ್ದಾಳೆ ಎಂದರೆ! ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ತಲೆ ತಾನಾಗಿಯೇ ವಾರೆಯಾಯಿತು.

"ಅಕ್ಕ ನಿಮಗೆ ಹೇಗೆ ಪರಿಚಯ?"

ಮುದುಕಿ ತಲೆಯೆತ್ತಿದಳು. ಮುಚ್ಚಿದ ಅವನ ಒಂದು ಕಣ್ಣನ್ನು, ತೆರೆದ ಇನ್ನೊಂದು ಕಣ್ಣನ್ನು ನೋಡಿದಳು. ಅವಳ ಮುಖದ ಗಂಟು ಸಡಿಲವಾಯಿತು.

"ಅಯ್ಯೋ! ನೀನು ಇಣುಕ ಅಲ್ವೇನೋ?"

ಹೆಂಡತಿ ಗಂಡನ ಮುಖ ನೋಡಿದಳು. ಆ ಹೆಸರನ್ನು ಅವಳು ಕೇಳಿರಲಿಲ್ಲ. ಅಕ್ಕನ ಮಗಳೂ ಕೇಳಿರಲಿಲ್ಲ. ಒಲೆಯ ಪಕ್ಕ ಕೂತು ಅಕ್ಕ ಒಬ್ಬಳೇ ಕರೆಯುತ್ತಿದ್ದ ಹೆಸರು ಅದು. ತಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದ.

"ಆ ಹೆಸರು ನಿಮಗೆ ಯಾರು ಹೇಳಿದ್ದು?"

"ಯಾರು ಹೇಳ್ತಾರೆ? ದಿನಾ ಬೆಳಿಗ್ಗೆ ನಿನ್ನದೇ ವರದಿ ಆಗ್ತಿತ್ತಲ್ಲ ಬೈಂಡಿಂಗ್ ಅಂಗಡೀಲಿ ನಮ್ಮ ಮೇಜಲ್ಲಿ. ಇಣುಕ ನಿನ್ನೆ ಒಂದು ಸಾಲು ಪೂರ್ತಿ ಓದಿದ, ಇಣುಕ ನಿನ್ನೆ ಅಲ್ಪವಿರಾಮ ಯಾಕೆ ಅಂತ ಕೇಳಿದ. ನಿಮ್ಮಕ್ಕ ಮಡಚೋ ಕೈ, ನಾನು ಹೊಲಿಯೋ ಕೈ. ಸೂಜಿ ಅಂತಿದ್ರು ನನ್ನ. ಒಣಕಲಾಗೂ ಇದ್ದೆ ನೋಡು, ಎರಡಕ್ಕೂ ಸರಿಹೋಯ್ತು. ನಾನು ಮದುವೆ ಆಗಿ ದೂರ ಹೋದ ಮೇಲೆ ಬರೋದು ಹೋಗೋದು ಕಡಿಮೆ. ಫೋನಲ್ಲೇ ಎಲ್ಲ."

ಅಕ್ಕ ಅವಳಿಗೆ ಫೋನು ಮಾಡುತ್ತಿದ್ದುದು ಮಗಳಿಗೇ ಗೊತ್ತಿರಲಿಲ್ಲ. ತಮ್ಮ ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

"ಹುಡುಕ್ತಿದ್ದ ಪುಸ್ತಕ ಯಾವುದು?"

"ಕುದುರೆದು ಕಣಪ್ಪ. ಟ್ರಾಮ್ ಕುದುರೆ. ಒಂದು ಫಾರಮ್ಮಿನ ನಡುಮಡಿಕೇಲಿ ಅದರ ಚಿತ್ರ ಇತ್ತು. ಹೊಲಿಗೆ ಹಾಕ್ಬೇಕಿದ್ರೆ ಸೂಜಿ ಅದರ ಹೊಟ್ಟೆ ಒಳಗೇ ಹೋಗ್ಬೇಕು. ಪಾಪ ಅನ್ನಿಸ್ತಿತ್ತು, ಪ್ರತಿ ಪುಸ್ತಕಕ್ಕೂ. ನನಗೆ ಓದು ಅಷ್ಟಕ್ಕಷ್ಟೆ, ಆದ್ರೆ ಆ ಚಿತ್ರ ಎಲ್ಲಿ ಕಂಡ್ರೂ ಗುರುತು ಹಿಡೀತೀನಿ. ಇಲ್ಲಿ ಇದ್ರೆ ತಗೊಂಡು, ಯಾರ ಕೈಯಲ್ಲಾದ್ರೂ ಕೊನೇದು ಓದಿಸಿ ಕೇಳೋಣ ಅಂತಿದ್ದೆ."

"ಯಾಕೆ, ಕೊನೇದು ಅಕ್ಕ ನಿಮಗೆ ಹೇಳಿರ್ಲಿಲ್ವಾ?"

"ಹೇಳಿದ್ಲು. ಅದಕ್ಕೇ ಹುಡುಕ್ತಿದ್ದೆ."

"ಅಂದ್ರೆ, ನೀವು ಅವಳನ್ನ ನಂಬಲಿಲ್ಲ."

ಸೂಜಿ ಬಟ್ಟೆಯ ಅಂಚು ತೀಡುವುದನ್ನು ನಿಲ್ಲಿಸಿದಳು.

"ನೀನು ನಂಬ್ತಿದ್ಯಾ, ನಿಮ್ಮಕ್ಕನ್ನ?"

ಅವನು ಎದ್ದು ಹೊರಗೆ ಹೋಗಿ, ಹೆಣದ ವ್ಯಾನು ಬಂತೇ ಎಂದು ನೋಡುವ ನೆಪದಲ್ಲಿ ಬೀದಿಯಲ್ಲಿ ನಿಂತ.

* * *

ಹೈಸ್ಕೂಲಿನ ಕೊನೆಯ ವರ್ಷ ಅದು. ಊರಿನ ಲೈಬ್ರರಿಯಲ್ಲಿ ಕೈಗೆ ಬಂದ ಪುಸ್ತಕ ತೆಗೆದು ನಡುವೆ ಬಿಡಿಸಿದಾಗ ಕುದುರೆಯ ಚಿತ್ರ ಕಂಡಿತು. ಹೊಟ್ಟೆಯ ನಡುವೆ ದಾರ ಹಾದುಹೋಗಿತ್ತು. ಹಳೆಯ ಗೆಳೆಯ ಸಿಕ್ಕಷ್ಟು ಖುಷಿಯಾಗಿ, ಅಲ್ಲೇ ನೆಲದ ಮೇಲೆ ಕೂತು ಮೊದಲಿನಿಂದ ಓದಿದ. ಸೇತುವೆ ಬಂತು, ಸುಂಕದ ಕಟ್ಟೆ ಬಂತು, ಎಲ್ಲ ಅಕ್ಷರಶಃ ಹಾಗೇ ಇತ್ತು. ಕೊನೆಗೆ ಬಂದಾಗ ನಗಲು ಸಿದ್ಧನಾಗಿದ್ದ.

ಕುದುರೆ ಸಮುದ್ರ ನೋಡಲಿಲ್ಲ. ಅಲೆಗಳ ಸದ್ದು ಕೇಳುವಷ್ಟು ಹತ್ತಿರ ಬಂದು, ದಾರಿಯ ಪಕ್ಕದ ಚರಂಡಿಯಲ್ಲಿ ಕುಸಿದು ಸತ್ತಿತು. ಟ್ರಾಮಿನವನು ಲಗಾಮು ಬಿಚ್ಚಿಕೊಂಡು ಒಬ್ಬನೇ ಸಮುದ್ರಕ್ಕೆ ಹೋಗಿ ಅದನ್ನು ತೊಳೆದ. ಅಲ್ಲಿಗೆ ಮುಗಿಯಿತು.

ಅಂದು ಅಕ್ಕ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಅವಳ ಮದುವೆ ಗೊತ್ತಾಗಿತ್ತು, ಇನ್ನೂ ಕೆಲಸಕ್ಕೆ ಹೋಗುತ್ತಿದ್ದಳು. ಅವನು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ.

"ನೀನು ಸುಳ್ಳಿ."

"ಏನೋ ಅದು, ಬಂದವನೇ?"

"ನನ್ನ ಮಂಗ ಮಾಡಿದೆ. ಕುದುರೆ ಸಮುದ್ರ ನೋಡೋದೇ ಇಲ್ಲ. ಸತ್ತೋಗುತ್ತೆ."

ಅಕ್ಕನ ಕೈ ನಿಂತಿತು. "ಸಾಯುತ್ತಾ?"

"ನಾಟಕ ಆಡ್ಬೇಡ. ಅಲ್ಲೇ ಓದ್ಕೊಂಡು ಬಂದೆ ಅಂದಿದ್ದವಳು ನೀನೇ ತಾನೆ?"

"ಎಲ್ಲಿ ಸಾಯುತ್ತೆ?"

"ಚರಂಡೀಲಿ."

"ಅಲ್ಲಿಂದ ಸಮುದ್ರ ಕಾಣುತ್ತಾ ಅದಕ್ಕೆ?"

"ಇಲ್ಲ ಅಂದ್ನಲ್ಲ! ಬರೀ ಸದ್ದು ಕೇಳುತ್ತೆ."

ಅಕ್ಕ ಕೈ ತೊಳೆದುಕೊಂಡು ಹಿತ್ತಿಲಿಗೆ ಹೋದಳು. ಈರುಳ್ಳಿ ಅರ್ಧ ಹೆಚ್ಚಿದ್ದು ಹಾಗೇ ಉಳಿಯಿತು. ತಮ್ಮನ ಪಿತ್ತ ನೆತ್ತಿಗೇರಿತ್ತು. ತಪ್ಪು ಮಾಡಿ ಸಿಕ್ಕಿಬಿದ್ದವರು ಹೀಗೇ ಪ್ರಶ್ನೆಗೆ ಪ್ರಶ್ನೆ ಹಾಕುತ್ತಾರೆ ಎಂಬುದನ್ನು ಅವನು ಮುಂದೆ ನೌಕರಿಯಲ್ಲಿ ನೂರು ಸಲ ಕಂಡ. ಪ್ರತಿ ಸಲವೂ ಅಕ್ಕನ ಆ "ಸಾಯುತ್ತಾ?" ನೆನಪಾಗುತ್ತಿತ್ತು. ಎಷ್ಟು ಚೆನ್ನಾಗಿ ನಟಿಸಿದಳು ಎಂದು ಹೊಟ್ಟೆ ಉರಿಯುತ್ತಿತ್ತು.

ಅಕ್ಕ ಮತ್ತೆ ಅವನಿಗೆ ಕತೆ ಹೇಳಲಿಲ್ಲ. ಅವನು ಓದುವುದನ್ನು ಬಿಡಲಿಲ್ಲ, ಬಿಡಲು ಸಾಧ್ಯವೂ ಇರಲಿಲ್ಲ. ಆದರೆ ಅಂದಿನಿಂದ ಯಾವ ಪುಸ್ತಕ ಕೈಗೆ ಬಂದರೂ ಮೊದಲು ಕೊನೆಯ ಪುಟ ಓದಿ, ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮೊದಲನೆಯ ಪುಟಕ್ಕೆ ಬರುತ್ತಿದ್ದ. ಅಕ್ಕ ಒಮ್ಮೊಮ್ಮೆ ಕೇಳುವಳು, "ಈಗ ಏನು ಓದ್ತಿದ್ದೀಯೋ?"

"ಒಂದು ಕಾದಂಬರಿ. ಕೊನೇಲಿ ಮಗ ಜೈಲಿಗೆ ಹೋಗ್ತಾನೆ."

"ಮೊದಲಿಂದ ಹೇಳೋ," ಎನ್ನುವಳು ಅಕ್ಕ. ಅವನು ಹೇಳುತ್ತಿರಲಿಲ್ಲ. ಎದ್ದು ಹೊರಡುತ್ತಿದ್ದ.

* * *

ವ್ಯಾನು ಬಂತು. ಹೆಣ ಎತ್ತುವಾಗ ಕಾಲಿನ ಕಡೆ ಹಿಡಿದವರು ಬಾಗಿಲಿಗೆ ತಾಗಿಸುತ್ತಾರೆಂದು ತಮ್ಮನಿಗೆ ಖಚಿತವಾಗಿತ್ತು. ಅವರು ತಾಗಿಸಲಿಲ್ಲ. ಅಕ್ಕನ ಮಗಳು, ಹೆಂಡತಿ, ಪಕ್ಕದ ಮನೆಯವಳು ಕಾರಿನಲ್ಲಿ ಹಿಂದೆ ಬರುವುದೆಂದಾಯಿತು. ಅವನು ವ್ಯಾನಿನಲ್ಲಿ ಅಕ್ಕನ ಪಕ್ಕದ ಬೆಂಚಿನ ಮೇಲೆ ಕೂತ. ಯಾರೂ ಕರೆಯದಿದ್ದರೂ ಸೂಜಿ ಸೊಂಟ ಹಿಡಿದುಕೊಂಡು ಹತ್ತಿ ಎದುರಿನ ಬೆಂಚಿನ ಮೇಲೆ ಕೂತಳು. ಅವನು ಬೇಡ ಎನ್ನಲಿಲ್ಲ.

"ಆ ಕಾರು ತಿರುಗಿಸ್ಕೊಳ್ಳಿ, ಒಂದು ನಿಮಿಷ," ಎಂದ ಚಾಲಕ ಮುಂದಿನಿಂದ. ಎಂಜಿನ್ ಗುರುಗುಟ್ಟುತ್ತಿತ್ತು. ಅದರ ನಡುಕಕ್ಕೆ ಅಕ್ಕನ ಹಣೆಯ ಮೇಲಿನ ಒಂದು ಕೂದಲೆಳೆ ಅಲುಗುತ್ತಿತ್ತು.

ತಮ್ಮ ಮುಂದಕ್ಕೆ ಬಾಗಿದ. "ಒಂದು ಕೇಳ್ತೀನಿ. ಸುತ್ತಿಬಳಸಿ ಹೇಳ್ಬೇಡಿ. ಆ ಪುಸ್ತಕದ ಕೊನೇ ಫಾರಂ ಅಕ್ಕ ಓದಿದ್ಲಾ?"

"ಕೊನೇ ಫಾರಮ್ಮಾ?" ಸೂಜಿ ನಕ್ಕೇಬಿಟ್ಟಳು. "ಯಾವ ಪುಸ್ತಕದ್ದೂ ಓದಿಲ್ಲ ಕಣೋ. ಓದೋಕೆ ಯಾರು ಬಿಡ್ತಿದ್ರು? ಹೆಸರು, ಮುನ್ನುಡಿ ಇರೋ ಹಾಳೇನೂ ಕೊನೇ ಹಾಳೇನೂ ಪ್ರೆಸ್ಸಿನೋರು ಎಲ್ಲ ಮುಗಿಸಿ ಒಟ್ಟಿಗೆ ಕಳಿಸ್ತಿದ್ರು. ಅದು ಬಂದ ದಿನ ಮಾಲೀಕ ತಲೆ ಮೇಲೇ ನಿಂತಿರ್ತಿದ್ದ. ಅವತ್ತೇ ಮಡಚ್ಬೇಕು, ಜೋಡಿಸ್ಬೇಕು, ಹೊಲೀಬೇಕು. ಉಗುಳು ನುಂಗೋಕೆ ಪುರುಸೊತ್ತಿರ್ಲಿಲ್ಲ. ಕತ್ತಲಾಗೋದ್ರೊಳಗೆ ಎಲ್ಲ ಕತ್ತರಿಸೋ ಯಂತ್ರಕ್ಕೆ ಹೋಗಿರ್ಬೇಕು."

"ಮಡಚ್ತಾ ಮಡಚ್ತಾ ಒಂದು ಕಣ್ಣು ಹಾಯಿಸಿರಬಹುದಲ್ಲ?"

"ಹಾಳೇಲಿ ಪುಟ ಸಾಲಾಗಿ ಇರ್ತಾವಾ? ಒಂದು ತಲೆಕೆಳಗು, ಒಂದು ನೆಟ್ಟಗೆ. ಒಂದರ ಪಕ್ಕ ಒಂಬತ್ತೋ ಹತ್ತೋ ಪುಟ ಬಿಟ್ಟು ಮುಂದಿಂದು. ಓಡೋ ಕೈಲಿ ಏನು ಓದ್ತೀಯ? ನಾವು ಅಷ್ಟು ಪುಸ್ತಕ ಮಾಡಿದ್ವಿ, ಒಂದರ ಹೆಸರೂ ಗೊತ್ತಿಲ್ಲ, ಒಂದರ ಕೊನೇನೂ ಗೊತ್ತಿಲ್ಲ. ಬೇರೆಯವರಿಗೆ ಹೇಳಿದ್ರೆ ನಗ್ತಾರೆ."

ಎಲ್ಲಾದರೂ ಹುಳುಕು ಇದೆಯೇ ಎಂದು ಅವನು ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ. ಸಿಗಲಿಲ್ಲ. ಬರಿಗೈಯಲ್ಲಿ ಬಂದ ಸಂಜೆ, ಕೆಂಪಾದ ಬೆರಳು, ತಡವಾದದ್ದು, ಎಲ್ಲ ಸರಿಹೊಂದುತ್ತಿತ್ತು. ಓದಿಕೊಂಡು ಬಂದೆ ಎಂದದ್ದು ಸುಳ್ಳು. ಬೆಳಿಗ್ಗೆಯಿಂದ ಮೇಜಿನ ಮೇಲೆ ಬಗ್ಗಿ, ಊಟ ಬಿಟ್ಟು ಕಾದಿರುವ ತಮ್ಮನಿಗೆ ಹೇಳಲು ಏನೂ ಇಲ್ಲದೆ, ಮನೆಗೆ ನಡೆದು ಬರುವ ದಾರಿಯಲ್ಲಿ ಅಕ್ಕ ಆ ಕುದುರೆಯನ್ನು ತಾನೇ ಸಮುದ್ರದವರೆಗೆ ನಡೆಸಿದ್ದಳು.

ಹಾಗಾದರೆ ಈರುಳ್ಳಿ ಹೆಚ್ಚುತ್ತಿದ್ದ ದಿನ ಅವಳು ಕೇಳಿದ "ಸಾಯುತ್ತಾ?" ಎಂಬುದು ನಟನೆಯಲ್ಲ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಅವಳು ಅಷ್ಟು ವರ್ಷ ಬದುಕಿಸಿಕೊಂಡಿದ್ದ ಕುದುರೆಯನ್ನು ಅವನು ಚಪ್ಪಲಿಗಾಲಲ್ಲಿ ಒಳಗೆ ಬಂದು, ಒಂದೇ ಮಾತಿನಲ್ಲಿ ಕೊಂದಿದ್ದ. ಅವನಿಗೆ ಅಕ್ಕನ ಮುಖ ನೋಡಲಾಗಲಿಲ್ಲ. ಬೆಂಚಿನ ಅಂಚನ್ನು ಹಿಡಿದುಕೊಂಡು ಕೂತ.

ಸೂಜಿ ಅವನ ಮೇಲಿನ ಕಣ್ಣು ತೆಗೆದಿರಲಿಲ್ಲ.

"ಈಗ ನನ್ನ ಸರದಿ," ಎಂದಳು. "ನೀನೂ ಸುತ್ತಿಬಳಸ್ಬೇಡ. ನೀನು ಅದನ್ನ ಲೈಬ್ರರೀಲಿ ಪೂರ್ತಿ ಓದಿದ್ಯಂತೆ, ಹೌದಾ?"

"ಯಾರು ಹೇಳಿದ್ರು?"

"ನಿಮ್ಮಕ್ಕ. ಅವಳ ಮದುವೆಗೆ ಸ್ವಲ್ಪ ಮುಂಚೆ. ಒಂದಿನ ಬೆಳಿಗ್ಗೆ ಬಂದವಳೇ, ಎಲ್ಲರೂ ಕೆಲಸ ನಿಲ್ಲಿಸಿ ಇಲ್ಲಿ ಕೇಳಿ ಅಂದ್ಲು. ನಮ್ಮ ಇಣುಕ ಆ ಕುದುರೆ ಪುಸ್ತಕದ ಕೊನೇ ಪುಟ ಕಣ್ಣಾರೆ ಓದಿದಾನೆ, ಕುದುರೆ ಸಮುದ್ರ ಸೇರುತ್ತಂತೆ ಅಂದ್ಲು. ಮೇಜಲ್ಲಿದ್ದೋರೆಲ್ಲ ಚಪ್ಪಾಳೆ ಹೊಡೆದ್ರು. ಒಬ್ಬಳಂತೂ ಅತ್ತೇಬಿಟ್ಲು. ನನಗೆ ಮಾತ್ರ ತಲೇಲಿ ಹುಳ ಹೊಕ್ಕಿತು."

"ಯಾಕೆ?"

"ಸಂತೋಷದ ಸುದ್ದಿ ತಂದೋಳ ಮುಖ ಹಾಗಿರಲ್ಲಪ್ಪ. ಕಣ್ಣು ಊದಿಕೊಂಡು, ಮನೇಲಿ ಯಾರೋ ಸತ್ತ ಹಾಗಿದ್ಲು. ಆಮೇಲೆ ಎಷ್ಟು ಸಲ ಫೋನಲ್ಲಿ ಕೇಳಿದೀನಿ, ನಿಜ ಹೇಳೇ ಅಂತ. ನನ್ನ ತಮ್ಮ ಸುಳ್ಳು ಹೇಳೋನಲ್ಲ, ಅವನು ಕಣ್ಣಿಗೆ ಕಂಡಿದ್ದು ಮಾತ್ರ ಹೇಳೋದು ಅಂತಿದ್ಲು." ಸೂಜಿ ಮುಂದಕ್ಕೆ ಬಾಗಿ ಅವನ ಮೊಣಕಾಲ ಮೇಲೆ ಕೈಯಿಟ್ಟಳು. "ಆ ಮೇಜಲ್ಲಿದ್ದೋರಲ್ಲಿ ಇನ್ನು ಉಳಿದಿರೋದು ನಾನೊಬ್ಬಳೇ. ಹೇಳು, ನೀನು ಹಾಗಂತ ಹೇಳಿದ್ದು ನಿಜವಾ?"

ತಮ್ಮ ಅಕ್ಕನ ಕಡೆ ನೋಡಿದ. ಮುಚ್ಚಿದ ಕಣ್ಣು, ಬಿಗಿದ ತುಟಿ. ಈ ಮುಖದಿಂದ ಇನ್ನು ಯಾವ ಗುಟ್ಟೂ ಹೊರಬರುವಂತಿರಲಿಲ್ಲ. ಅವನು ತನ್ನ ನೌಕರಿಯ ಉದ್ದಕ್ಕೂ ಒಬ್ಬನನ್ನೂ ಟಿಕೆಟ್ ಇಲ್ಲದೆ ಬಿಟ್ಟವನಲ್ಲ. ಮುದುಕರನ್ನು ಬಿಟ್ಟಿರಲಿಲ್ಲ, ಬಸುರಿಯರನ್ನು ಬಿಟ್ಟಿರಲಿಲ್ಲ, ಒಮ್ಮೆ ಸ್ವಂತ ಭಾವಮೈದುನನನ್ನೇ ಇಳಿಸಿದ್ದ.

"ಹೌದು," ಎಂದ. "ನಾನೇ ಹೇಳಿದ್ದೆ."

"ಕಣ್ಣಾರೆ ಓದಿದ್ಯಾ?"

"ಕಣ್ಣಾರೆ ಓದಿದೀನಿ."

"ಸಮುದ್ರ ಸೇರಿ ಏನು ಮಾಡ್ತು?" ಸೂಜಿಯ ಪ್ರಶ್ನೆ ಚುಚ್ಚುವಂತೆಯೇ ಬಂತು. ಸಂಶಯ ಬಂದ ಪ್ರಯಾಣಿಕನನ್ನು ಹತ್ತಿದ ನಿಲ್ದಾಣ ಯಾವುದೆಂದು ಅವನೂ ಹೀಗೇ ಕೇಳುತ್ತಿದ್ದ.

"ನೀರಿಗಿಳೀತು. ಒಂದು ಬಾಯಿ ಕುಡೀತು."

"ಆಮೇಲೆ?"

"ಉಗಿದು, ತಿರುಗಿ ಅವನನ್ನ ನೋಡ್ತು. ಇಷ್ಟು ದೂರ ನಡೆಸಿದ್ದು ಈ ಉಪ್ಪುನೀರಿಗಾ, ಅನ್ನೋ ಹಾಗೆ."

ಸೂಜಿ ಅವನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದಳು. "ಅವಳೂ ಹಾಗೇ ಹೇಳಿದ್ಲು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆ ಇಲ್ಲ." ಅದು ಮೆಚ್ಚುಗೆಯಾಗಿರಲಿಲ್ಲ. ಇಬ್ಬರೂ ಒಂದೇ ಪಾಠ ಒಪ್ಪಿಸುತ್ತಿದ್ದಾರೆ ಎಂದು ಅವಳಿಗೆ ಅನುಮಾನ ಬಂದಿದೆ ಎಂಬುದು ಅವನಿಗೆ ತಿಳಿಯಿತು. ಅವನಾಗಿದ್ದರೂ ಅನುಮಾನಿಸುತ್ತಿದ್ದ. "ಅಷ್ಟಕ್ಕೇ ಮುಗೀತಾ ಪುಸ್ತಕ?"

"ಇಲ್ಲ," ಎಂದ ತಮ್ಮ.

ಅಂದಮೇಲೆ ಅವನಿಗೇ ಗಾಬರಿಯಾಯಿತು. ಸ್ವಂತವಾಗಿ ಒಂದು ಮಾತನ್ನೂ ಹುಟ್ಟಿಸಿ ಗೊತ್ತಿಲ್ಲದ ಬಾಯಿ ಅದು.

"ಇನ್ನೂ ಒಂದು ಪುಟ ಇತ್ತು. ಅದನ್ನ ನಾನು ಅಕ್ಕನಿಗೆ ಹೇಳಿರಲಿಲ್ಲ."

ಸೂಜಿ ಅವನ ಮೊಣಕಾಲ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. "ಹೇಳು ಮತ್ತೆ. ಅವಳೂ ಕೇಳಿಸ್ಕೊಳ್ಳಲಿ."

"ಅವನು ಕರೆದ. ಹೊತ್ತಾಯ್ತು, ಬಾ, ಹೋಗೋಣ ಅಂತ. ಕುದುರೆ ನೀರಿಂದ ಹೊರಗೆ ಬರಲಿಲ್ಲ."

"ಯಾಕೆ?"

"ಟ್ರಾಮ್ ಕುದುರೆ ಅಲ್ವಾ? ಹುಟ್ಟಿದಾಗಿಂದ ಅಭ್ಯಾಸ. ಜನ ಎಲ್ಲ ಹತ್ತಿ ಕೂತು, ಗಂಟೆ ಹೊಡೆದ ಮೇಲೇ ಅದು ಹೆಜ್ಜೆ ಎತ್ತೋದು. ಅವನ ಹತ್ರ ಗಂಟೆ ಇರಲಿಲ್ಲ. ಟ್ರಾಮಲ್ಲೇ ಬಿಟ್ಟು ಬಂದಿದ್ದ."

"ಅಯ್ಯೋ. ಹಾಗಾದ್ರೆ?"

"ಅವನೂ ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಪಕ್ಕ ಹೋಗಿ ನಿಂತ. ಅಲೆ ಬಂತು, ಹೋಯ್ತು. ಕುದುರೆ ಕದಲಲಿಲ್ಲ. ಆಗ ಅವನು..."

ತಮ್ಮ ನಿಲ್ಲಿಸಿದ. ಮುಂದೇನೆಂದು ಅವನಿಗೆ ಗೊತ್ತಿರಲಿಲ್ಲ. ಸೂಜಿ ಕಾಯುತ್ತಿದ್ದಳು. ಹಿಂದೆ ಕಾರು ತಿರುಗಿ ನಿಂತು, ಹೊರಡಬಹುದೆಂದು ಹಾರ್ನ್ ಮಾಡಿತು. ಮುಂದಿನ ಸೀಟಿನಲ್ಲಿ ಕತೆಗೆ ಕಿವಿಗೊಟ್ಟಿದ್ದ ಚಾಲಕ ಎಂಜಿನ್ ಆರಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ, ಸ್ವಲ್ಪ ತಾಳಿ ಎಂದು ಸನ್ನೆ ಮಾಡಿದ.